ಲಕ್ಕಮ್ಮನ ನೀರಿಗೆ ಬೆಲೆ ಕಟ್ಟಿದ್ದು

"ಯಾವಳೇ ಅವಳು, ಸರ್ಕಾರದ ನೀರು ಮಾರ್ಕಂಡು ತಿನ್ನೋ ಲೌಡಿ? ಬಾರೆ ಮುಂದಕ್ಕೆ!"

ಪಟ್ಟಣ ಪಂಚಾಯಿತಿಯ ಬಿಲ್ ಕಲೆಕ್ಟರ್ ಚನ್ನೇಶ್ ಬೈಕಿನಿಂದ ಇಳಿದಿರಲಿಲ್ಲ. ಎಂಜಿನ್ ಆರಿಸದೆ, ಒಂದೇ ಕಾಲನ್ನು ನೆಲಕ್ಕೆ ಊರಿ, ಅಲ್ಲಿಂದಲೇ ಕೂಗುತ್ತಿದ್ದ. ಕೆಳಗಿನ ಕೇರಿಯಲ್ಲಿ ಎರಡೂ ಕಾಲು ಊರುವುದು ಅವನ ಜಾಯಮಾನಕ್ಕೆ ಒಗ್ಗದ ಕೆಲಸ.

ಬೆಳಗಿನ ನೀರು ಬಂದಿತ್ತು. ಲಕ್ಕಮ್ಮನ ಅಂಗಳದ ನಲ್ಲಿಯ ಸುತ್ತ ಹೆಂಗಸರು ಕೊಡ, ಬಿಂದಿಗೆ, ಮಾಸಿದ ಪೇಂಟ್ ಡಬ್ಬಿ ಇಟ್ಟುಕೊಂಡು ನಿಂತಿದ್ದರು. ಪಕ್ಕದ ಮನೆಯ ಸುವರ್ಣಮ್ಮ ತುಂಬಿದ ಕೊಡವನ್ನು ಸೊಂಟಕ್ಕೆ ಎತ್ತಿಕೊಳ್ಳುವವಳು ಹಾಗೇ ಕೆಳಗಿಟ್ಟಳು. ಲಕ್ಕಮ್ಮ ಕೈಯಲ್ಲಿದ್ದ ಪೊರಕೆಯ ಸಮೇತ ಮುಂದೆ ಬಂದಳು.

"ಯಾರ್ನಲಾ ಲೌಡಿ ಅಂತಿರೋದು? ನಿಮ್ಮವ್ವನ ವಯಸ್ಸಾಗೈತೆ ನಂಗೆ."

"ನಿನ್ ವಯಸ್ಸು ಕಟ್ಕಂಡು ನಂಗೇನಾಗ್ಬೇಕು? ಮೀಟರ್ ನೋಡಿದೀಯಾ? ಒಂಟಿ ಹೆಂಗ್ಸು, ಆನೆ ಕುಡ್ದಂಗೆ ಕುಡ್ದಿದೀಯಲ್ಲ. ಎಲ್ಲೋಯ್ತು ಅಷ್ಟು ನೀರು?"

"ಕಾಣಲ್ವಾ ಕಣ್ಣಿಗೆ? ಎಲ್ರೂ ಕುಡೀತಾರೆ."

ಚನ್ನೇಶನ ಕಣ್ಣು ನಲ್ಲಿಯ ಪಕ್ಕದ ಚಪ್ಪಡಿಯ ಮೇಲೆ ಬಿತ್ತು. ಅಲ್ಲೊಂದು ಮೊರ. ಮೊರದಲ್ಲಿ ಒಂದಿಷ್ಟು ರಾಗಿ, ಒಂದು ಹಿಡಿ ಅವರೆಕಾಯಿ, ಎರಡು ಒಣಮೆಣಸಿನಕಾಯಿ, ಪಕ್ಕದಲ್ಲಿ ಒಂದು ತುಂಡು ಸೌದೆ.

"ಇದೇನು?"

ಕೋಳಿಗೆ ಹಾಕೋದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಗಷ್ಟೇ ಲೌಡಿ ಅನ್ನಿಸಿಕೊಂಡ ಬಾಯಿ ಅದು, ತಲೆ ಎತ್ತಿ ಮಾತಾಡಬೇಕು ಅನ್ನಿಸಿತ್ತು. "ನಮ್ ಕೇರೀಲಿ ಯಾರೂ ಬಿಟ್ಟಿ ನೀರು ತಗಂಡೋಗಲ್ಲ ಕಣಪ್ಪ, ತಿಳ್ಕ," ಎಂದಳು ಲಕ್ಕಮ್ಮ. ಹೆಮ್ಮೆಯಿಂದಲೇ ಅಂದಳು. ನಿಂತಿದ್ದ ಹೆಂಗಸರಿಗೂ ಅದು ಸರಿಯಾದ ಮಾತೇ ಅನ್ನಿಸಿತು.

ಚನ್ನೇಶ್ ನಕ್ಕ. ಜೇಬಿನಿಂದ ಮೊಬೈಲ್ ತೆಗೆದು ಮೊರದ ಫೋಟೊ ಹೊಡೆದ, ನಲ್ಲಿಯದು ಹೊಡೆದ, ಹೆಂಗಸರದು ಹೊಡೆದ. ಸುವರ್ಣಮ್ಮ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು.

"ಸರಿ ಬುಡು. ವ್ಯಾಪಾರ ಅಂತ ನೀನೇ ಬಾಯ್ಬಿಟ್ಟು ಒಪ್ಕಂಡೆ," ಎಂದು ಹೇಳಿ ಅವನು ಬೈಕು ತಿರುಗಿಸಿಕೊಂಡು ಹೋದ.

ಆ ಮೊರ ಯಾಕೆ ಅಲ್ಲಿದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಅವನ ತಲೆಗೆ ಹೋಗುತ್ತಿರಲಿಲ್ಲ. ಒಂದು ಕಾಲದಲ್ಲಿ ಕೇರಿಯ ಹೆಂಗಸರು ಮೇಲಿನ ಬೀದಿಯ ಬಾವಿಯಿಂದ ಮಾರು ದೂರದಲ್ಲಿ ಬರಿಕೊಡ ಇಟ್ಟುಕೊಂಡು ಕೂರಬೇಕಾಗಿತ್ತು. ಮನಸ್ಸು ಬಂದವರು ಎತ್ತರದಿಂದ ಸುರಿಯುತ್ತಿದ್ದರು. ಸುರಿದ ನೀರಿಗಿಂತ ಬೈಗುಳವೇ ಹೆಚ್ಚು. ಲಕ್ಕಮ್ಮನ ಅಂಗಳಕ್ಕೆ ನಲ್ಲಿ ಬಂದ ದಿನ ಅವಳ ಅತ್ತೆ ಹುಚ್ಚಮ್ಮ ಮನೆಯೊಳಗಿಂದ ಮೊರ ತಂದು ಚಪ್ಪಡಿಯ ಮೇಲಿಟ್ಟು, "ಇನ್ಮೇಲೆ ನಮ್ಮೋರ್ಯಾರೂ ನೀರು ಬೇಡ್ಬಾರ್ದು. ತುಂಬ್ಕಂಡೋರು ಏನಾರ ಮಡಗ್ಲಿ, ಒಂದ್ ಕಾಳಾದ್ರೂ ಸರಿ. ಆವಾಗ ಅದು ಭಿಕ್ಷೆ ಆಗಲ್ಲ," ಎಂದಿದ್ದಳು. ಅತ್ತೆ ಹೋದಳು, ಗಂಡನೂ ಹೋದ, ಮೊರ ಮಾತ್ರ ಹರಿದಾಗ ಹೊಸದು ಬಂತು. ಏನೂ ಇಲ್ಲದ ದಿನ ಹೆಂಗಸರು ಬೇಲಿಯ ತುಂಬೆಹೂವನ್ನಾದರೂ ಕಿತ್ತು ಅದರಲ್ಲಿ ಹಾಕಿ ಕೊಡ ಎತ್ತುತ್ತಿದ್ದರು. ಕಾಳನ್ನು ಲಕ್ಕಮ್ಮ ಬೇಯಿಸಿಕೊಂಡಳೋ ಕೋಳಿಗೆ ಚೆಲ್ಲಿದಳೋ, ಯಾರೂ ವಿಚಾರಿಸಿದವರಲ್ಲ.

ಕೇರಿಯಲ್ಲಿ ಇರುವುದು ಅದೊಂದೇ ನಲ್ಲಿ. ಮಿಕ್ಕ ಮನೆಗಳೆಲ್ಲ ಹಳ್ಳದ ದಂಡೆಯ ಸರ್ಕಾರಿ ಜಾಗದಲ್ಲಿವೆ. ಹಕ್ಕುಪತ್ರ ಇಲ್ಲದ ಮನೆಗೆ ನಂಬರಿಲ್ಲ, ನಂಬರಿಲ್ಲದ ಮನೆಗೆ ನಲ್ಲಿ ಕೊಡುವುದಿಲ್ಲ. ಲಕ್ಕಮ್ಮನ ಮಾವನಿಗೆ ಯಾವುದೋ ಕಾಲದಲ್ಲಿ ಒಂದು ಜನತಾ ಮನೆ ಸಿಕ್ಕಿದ್ದರಿಂದ ಅವಳಿಗೊಬ್ಬಳಿಗೆ ನಂಬರು, ಅವಳಿಗೊಬ್ಬಳಿಗೆ ನಲ್ಲಿ. ಮಕ್ಕಳಿಲ್ಲದ ಆ ಮನೆಗೆ ದಿನ ಬಿಟ್ಟು ದಿನ ನೀರಿನ ಜೊತೆ ಇಡೀ ಕೇರಿ ಬರುತ್ತಿತ್ತು. ಸೊಸೆಯರ ಚಾಡಿ, ಗಂಡಂದಿರ ಕುಡಿತ, ಯಾರ ಕೋಳಿ ಯಾರ ಮನೆಯಲ್ಲಿ ಮೊಟ್ಟೆ ಇಟ್ಟಿತು ಎಂಬ ಪಂಚಾಯಿತಿ, ಎಲ್ಲ ಅಲ್ಲೇ. ಲಕ್ಕಮ್ಮನಿಗೆ ಸಂಸಾರ ಅಂತ ಇದ್ದದ್ದು ಅದು.

ಮುಂದಿನ ಬಿಲ್ಲನ್ನು ಓದಿ ಹೇಳಿದವನು ಸ್ವಾಮಿ. ಕೇರಿಯವನೇ, ಪಂಚಾಯಿತಿಯಲ್ಲಿ ಗುತ್ತಿಗೆಯ ಮೇಲೆ ವಾಟರ್‌ಮನ್. ವಾಲ್ವು ತಿರುಗಿಸುವುದು, ಪೈಪು ಒಡೆದರೆ ಕಟ್ಟುವುದು ಅವನ ಕೆಲಸ.

"ವಾಣಿಜ್ಯ ಅಂತ ಹಾಕವ್ರೆ ಅಕ್ಕಾ. ಅಂದ್ರೆ ಲಾಡ್ಜು, ಓಟ್ಲು ರೇಟು."

"ನಮ್ದು ಲಾಡ್ಜೇನ್ಲಾ?"

"ನೀರು ಮಾರ್ತೀಯ ಅಂತ ಫೋಟೊ ಸಮೇತ ರಿಪೋರ್ಟ್ ಕೊಟ್ಟವ್ನೆ ಚನ್ನೇಶ. ಇನ್ನೂ ಐತೆ ಕೇಳು. ಅದರ ಮ್ಯಾಲೆ ಒಳಚರಂಡಿ ಚಾರ್ಜು."

"ನಮ್ ಕೇರಿಗೆ ಯಾವ ಒಳಚರಂಡಿ ಹಾಕವ್ರೆ? ತೋರ್ಸು, ನಾನೂ ನೋಡ್ತೀನಿ."

"ಇಲ್ಲ ಬುಡಕ್ಕ. ನೀರು ತಗಂಡ ಮ್ಯಾಲೆ ಕೊಳೆನೀರು ಬಿಟ್ಟೇ ಬಿಡ್ತಾರೆ ಅಂತ ಅವರ ಲೆಕ್ಕ. ನೀರಿನ ಬಿಲ್ ಎಷ್ಟು ಏರ್ತದೋ ಅದೂ ಅಷ್ಟು ಏರ್ತದೆ."

ಲಕ್ಕಮ್ಮ ಬಾಗಿಲಾಚೆ ನೋಡಿದಳು. ಮನೆಯ ಮುಂದೆ ತೆರೆದ ಚರಂಡಿ. ಮೇಲಿನ ಬೀದಿಯ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಅವಳೇ ಪೊರಕೆಯಿಂದ ತಳ್ಳಿದ ಎಂಜಲು ನೀರು, ಸಾರಿನ ಜಿಡ್ಡು, ಬಾಳೆಎಲೆಯ ಚೂರು ಮಧ್ಯಾಹ್ನದ ಹೊತ್ತಿಗೆ ಅವಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಮೇಲಿನವರ ಕೊಳೆ ತನ್ನ ಮನೆ ಮುಂದೆ ಹರಿಯುವುದಕ್ಕೆ ತಾನೇ ಶುಲ್ಕ ಕೊಡಬೇಕು! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಮಂಟಪದಲ್ಲಿ ಎರಡು ತಿಂಗಳು ಸೊಂಟ ಬಗ್ಗಿಸಿದರೂ ತೀರದಷ್ಟು ಮೊತ್ತ ಅದು.

ಸಂಜೆ ಅವಳ ಅಂಗಳದಲ್ಲೇ ಕೇರಿ ಸೇರಿತು. ಎಲ್ಲರೂ ಸೇರಿ ಕಟ್ಟೋಣ ಎಂದು ಶುರುವಾದ ಮಾತು ಸುಲಭವಾಗಿಯೇ ಶುರುವಾಯಿತು. ಹೇಗೆ ಹಂಚುವುದು ಎಂಬಲ್ಲಿಗೆ ಬಂದಾಗ ಕೆಟ್ಟಿತು. ಮನೆಗಿಷ್ಟು ಅಂದರೆ ಒಬ್ಬಳೇ ಇರುವ ಮುದುಕಿಯೂ ಅಷ್ಟೇ ಯಾಕೆ ಕೊಡಬೇಕು? ತಲೆಗಿಷ್ಟು ಅಂದರೆ ಗಂಗಯ್ಯನ ಮನೆಯ ಎಂಟು ತಲೆ ಏನಾಗಬೇಕು? ಕೊಡಕ್ಕಿಷ್ಟು ಎಂದು ಯಾರೋ ಹೇಳಿದರು. ಗಂಗಯ್ಯ ರೇಗಿ ಎದ್ದ.

"ಇಷ್ಟ್ ದಿನ ಮೊರಕ್ಕೆ ಆಕ್ತಿದ್ವಲ್ಲ, ಅದೆಲ್ಲೋಯ್ತು? ಇವ್ಳೊಬ್ಳ ಹೊಟ್ಟೆಗೆ ಅಷ್ಟೆಲ್ಲ ಬೇಕಾಗಿತ್ತಾ? ಅದ್ರಲ್ಲೇ ಕಟ್ಲಿ!"

"ಏನಂದೆ ಗಂಗಣ್ಣ?"

"ಇದ್ದಿದ್ದೇ ಅಂದೆ. ನಲ್ಲಿ ನಿಂದು, ಬಿಲ್ಲೂ ನಿಂದೇ."

ಯಾರೂ ಗಂಗಯ್ಯನ ಬಾಯಿ ಮುಚ್ಚಿಸಲಿಲ್ಲ. ಸುವರ್ಣಮ್ಮ ಕೂಡ ನೆಲ ನೋಡುತ್ತಿದ್ದಳು. ಬೈದಿದ್ದರೆ ಲಕ್ಕಮ್ಮ ಬೈಯುತ್ತಿದ್ದಳು, ಹೊಡೆದಿದ್ದರೆ ಹೊಡೆಯುತ್ತಿದ್ದಳು. ಅವಳು ಸುಮ್ಮನೆ ಎದ್ದು ಮೊರವನ್ನು ತೆಗೆದುಕೊಂಡು ಹೋಗಿ ಒಳಗೆ ಅಟ್ಟದ ಮೇಲೆ ಎಸೆದಳು.

ಕೊನೆಗೆ ಕೊಡಕ್ಕಿಷ್ಟು ಎಂದೇ ಆಯಿತು. ಮರುದಿನ ಸುವರ್ಣಮ್ಮ ನೀರು ತುಂಬಿಕೊಂಡು ಚಪ್ಪಡಿಯ ಮೇಲೆ ನಾಣ್ಯವಿಟ್ಟಳು. ಲಕ್ಕಮ್ಮ ಆ ನಾಣ್ಯವನ್ನೂ ಅವಳ ಮುಖವನ್ನೂ ನೋಡಿದಳು.

"ಸುವರ್ಣಿ, ನೀನೂವಾ?"

"ಎಲ್ರಂಗೆ ನಾನೂ ಕಣವ್ವ. ನಾಳೆ ಒಂದ್ ಮಾತು ಬರ್ಬಾರ್ದು ನೋಡು."

ಅಂದಿನಿಂದ ನಲ್ಲಿಯ ಹತ್ತಿರ ಮಾತು ಕಡಿಮೆಯಾಯಿತು. ದುಡ್ಡು ಕೊಟ್ಟು ಕೊಂಡ ನೀರು ತುಂಬುವಾಗ ಹೆಂಗಸರು ಕೊಡದ ಕಂಠವನ್ನೇ ನೋಡುತ್ತಿದ್ದರು. ಅರ್ಧ ಇಂಚು ಕಡಿಮೆಯಾದರೆ ಗೊಣಗಿದರು. ಎರಡು ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು, ಬಿಲ್ಲು ಬಾಕಿಯೇ ಉಳಿಯಿತು. ಕೊಬ್ಬರಿ ಮಂಡಿಯ ದೇವೀರಪ್ಪನ ತೆಂಗಿನ ತೋಟದಲ್ಲಿ ಪಂಪು ಓಡುವಾಗ ಕೊಡ ಹಿಡಿಯಲು ಅವನು ಒಪ್ಪಿದ್ದನಂತೆ. ದುಡ್ಡು ಬೇಡ, ಬಂದವರು ಬಿದ್ದ ಸೋಗೆ ಎಳೆದುಹಾಕಿ, ಪಾತಿಯ ಕಳೆ ಕಿತ್ತು, ಒಂದು ಸುತ್ತು ಗುಡಿಸಿ ಹೋದರೆ ಸಾಕು. ತೋಟ ಮೈಲಿ ದೂರ. ಗುಡಿಸುವುದು ಬಿಸಿಲೇರುವ ತನಕ. ಅದನ್ನು ಯಾರೂ ವ್ಯಾಪಾರ ಅನ್ನಲಿಲ್ಲ, ಫೋಟೊ ಹೊಡೆಯಲು ಯಾರೂ ಬರಲಿಲ್ಲ.

ಲಕ್ಕಮ್ಮನ ನಲ್ಲಿಗೆ ನೀರು ಬರುತ್ತಲೇ ಇತ್ತು. ಅವಳ ಒಂದು ಕೊಡ, ಒಂದು ಬಕೀಟು ತುಂಬಿದರೆ ಮುಗಿಯಿತು. ತಿರುಪು ಮುಚ್ಚಿದ ಮೇಲೆ ಅಂಗಳದಲ್ಲಿ ಏನೂ ಸದ್ದಿಲ್ಲ. ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಮುದ್ದೆ ಕಟ್ಟಿ ಮುಂದಿಟ್ಟುಕೊಂಡವಳು ಅರ್ಧ ಕೋಳಿಗೆ ಹಾಕಿ ಏಳುತ್ತಿದ್ದಳು. ಒಂದೆರಡು ದಿನ ಬೇಕೆಂದೇ ತಿರುಪು ಬಿಟ್ಟು ಕೂತಳು, ಸದ್ದಿಗಾದರೂ ಯಾರಾದರೂ ಇಣುಕಲಿ ಎಂದು. ಮೀಟರಿನ ಮುಳ್ಳು ಓಡುವುದನ್ನು ನೋಡಿ ಹೆದರಿ ಮತ್ತೆ ಮುಚ್ಚಿದಳು.

ದೇವೀರಪ್ಪ ಪಂಚಾಯಿತಿ ಮೆಂಬರು ಕೂಡ. ಕಲ್ಯಾಣ ಮಂಟಪವೂ ಅವನದೇ. ಮದುವೆಯೊಂದರ ಮಾರನೆಯ ದಿನ ಲಕ್ಕಮ್ಮ ಅಲ್ಲಿ ಚರಂಡಿಯ ಜಾಲರಿಗೆ ಸಿಕ್ಕಿಕೊಂಡಿದ್ದ ಅನ್ನ ಕೆರೆಯುತ್ತಿದ್ದಾಗ ಅವನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಾತ್ರೆ ಎಣಿಸುತ್ತಿದ್ದ.

"ಬುದ್ಧಿ, ನನ್ ನಲ್ಲಿ ವಿಷ್ಯ ಆಫೀಸ್ನಲ್ಲಿ ಒಂದ್ ಮಾತು ಹೇಳ್ಬೇಕಾಗಿತ್ತು."

"ಅಲ್ಲೇ ನಿಂತ್ಕಂಡ್ ಮಾತಾಡು, ವಾಸ್ನೆ ಹೊಡೀತೀಯ. ಏನು, ನೀರು ಮಾರಿ ದುಡ್ಡು ಮಾಡಿದೀಯಂತೆ?"

"ನಾನು ಮಾರಿಲ್ಲ ಬುದ್ಧಿ. ಬಂದೋರು ಬಿಟ್ಟಿ ತಗಂಡೋದಂಗೆ ಆಗ್ಬಾರ್ದು ಅಂತ..."

"ಅದನ್ನೇ ಮಾರೋದು ಅನ್ನೋದು ಕಣೇ, ಮುಂಡೇದೆ. ನಿಂಗೆ ಗೊತ್ತಿಲ್ಲ ಅಷ್ಟೇ."

ಲಕ್ಕಮ್ಮ ಹಂಡೆಗಳ ಸಾಲನ್ನು ನೋಡಿದಳು. ಮೂಲೆಯಲ್ಲಿ ನಲ್ಲಿಯೊಂದು ಯಾರೂ ಇಲ್ಲದೆ ಸುರಿಯುತ್ತಿತ್ತು. "ಮದುವೆಗೆ ಇಷ್ಟ್ ನೀರು ಹೋಯ್ತದಲ್ಲ, ಇದ್ಕೆ ಯಾವ್ ರೇಟು ಬುದ್ಧಿ?" ಎಂದು ಕೇಳಿಯೇಬಿಟ್ಟಳು.

ದೇವೀರಪ್ಪ ಎಣಿಕೆ ನಿಲ್ಲಿಸಿದ. "ಮಂಟಪ ಟ್ರಸ್ಟಿನ ಹೆಸ್ರಲ್ಲೈತೆ. ಧರ್ಮದ ಕಾರ್ಯ. ಅದ್ಕೆ ಧರ್ಮದ ರೇಟು. ಬಾಡ್ಗೆ ತಗೊಳಲ್ಲ ನಾವು, ಕಾಣಿಕೆ ತಗೊಳದು. ನಿನ್ ಬಾಯಿ ಉದ್ದ ಆಯ್ತು ಲಕ್ಕಿ. ಹೊಸಾ ರೇಟು ಗೊತ್ ಮಾಡಕ್ಕೆ ಮೇಲ್ಗಡೆಯಿಂದ ಆಫೀಸರು ಬರ್ತಾವ್ರೆ, ಇದೇ ಹಾಲಲ್ಲಿ ಮೀಟಿಂಗು. ಅಲ್ಲೇ ಹೇಳ್ಕ. ಅದಕ್ ಮುಂಚೆ ಹಾಲ್ ತೊಳೆದಿರ್ಬೇಕು, ಫಿನಾಯಿಲ್ ಹಾಕಿ."

ಅವಳು ತೊಳೆದಳು. ತೊಳೆದು, ಕೈಕಾಲು ಒರೆಸಿಕೊಂಡು, ಬಾಗಿಲ ಹತ್ತಿರ ನಿಂತಳು. ಜೊತೆಗೆ ಬಾ ಎಂದು ಹಿಂದಿನ ದಿನ ಕೇರಿಯ ಮನೆಮನೆಗೂ ಹೋಗಿ ಕರೆದಿದ್ದಳು. ತೋಟದ ಪಂಪಿನ ಒಡೆಯನ ಎದುರು ಬಂದು ನಿಲ್ಲಲು ಯಾರಿಗೂ ಆಗಲಿಲ್ಲ.

ದರ ನಿಗದಿ ಮಾಡುವ ಆಫೀಸರ ಹೆಸರು ಶರತ್ಚಂದ್ರ. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣದ ಕಂಬಗಳ ಚಿತ್ರ ಮೂಡಿಸಿ, ಪಂಪಿನ ಕರೆಂಟಿಗೆ ಇಷ್ಟು, ರಿಪೇರಿಗೆ ಇಷ್ಟು, ಕೊಳೆನೀರು ಶುದ್ಧ ಮಾಡುವುದಕ್ಕೆ ಇಷ್ಟು, ಈ ಖರ್ಚು ದರದಿಂದಲೇ ಹುಟ್ಟಬೇಕು ಎಂದು ವಿವರಿಸಿದರು. ಕಡಿಮೆ ಬಳಸುವವರಿಗೆ ಕಡಿಮೆ ದರ, ಹೆಚ್ಚು ಬಳಸಿದಷ್ಟೂ ಹೆಚ್ಚು ದರ, ಇದನ್ನು ಮಾಡಿರುವುದೇ ಬಡವರಿಗಾಗಿ ಎಂದರು. ಮೇಲಿನ ಬೀದಿಯವರು ನಮಗೆ ಮೀಟರೇ ಬೇಡ ಎಂದು ಗಲಾಟೆ ಮಾಡಿದರು. ಅವರದು ಎರಡನೇ ಹಂತದಲ್ಲಿ ನೋಡೋಣ ಎಂದಾಯಿತು. ಆಮೇಲೆ ಲಕ್ಕಮ್ಮನನ್ನು ಕರೆದರು.

ಮೈಕು ಕೊಡಲಿಲ್ಲ. ಅವಳು ಮೇಜಿನ ಮುಂದೆ ನಿಂತು ಹೇಳಿದಳು. "ನನ್ ಮನೇಲಿ ನಲ್ಲಿ ಒಂದೇ ಸಾರ್. ಕುಡಿಯೋರು ಇಡೀ ಕೇರಿ. ಅಷ್ಟೂ ಮನೆಯೋರು ಕುಡ್ದಿದ್ದನ್ನ ನಾನೊಬ್ಳೇ ಕುಡ್ದೆ ಅಂತ ಬರ್ದ್ರೆ ಎಂಗೆ? ಬ್ಯಾರೆಬ್ಯಾರೆ ನಲ್ಲಿ ಇದ್ದಿದ್ರೆ ಎಲ್ರಿಗೂ ಕಮ್ಮಿ ರೇಟೇ ಬೀಳ್ತಿತ್ತಲ್ವ?"

"ನಿಜ ಅಮ್ಮ," ಎಂದರು ಆಫೀಸರು. "ಆದರೆ ನಮಗೆ ಲೆಕ್ಕ ಸಂಪರ್ಕಕ್ಕೆ. ಒಂದು ಸಂಪರ್ಕ ಅಂದ್ರೆ ಒಂದು ಕುಟುಂಬ. ಸಾಫ್ಟ್‌ವೇರಿನಲ್ಲಿ ಬೇರೆ ಕಾಲಂ ಇಲ್ಲ."

"ಅಂಗಾರೆ ಅವ್ರಿಗೂ ನಲ್ಲಿ ಕೊಡಿ."

"ಹಕ್ಕುಪತ್ರ ಆಗಬೇಕಲ್ಲ. ಅದು ರೆವಿನ್ಯೂದವರ ಕೆಲಸ."

ಮಾತಾಡುತ್ತ ಲಕ್ಕಮ್ಮನ ಗಂಟಲು ಒಣಗಿ ಕೆಮ್ಮು ಬಂತು. ಶರತ್ಚಂದ್ರ ನಿಜವಾಗಿಯೂ ಒಳ್ಳೆಯ ಮನುಷ್ಯ, ತೊಂದರೆ ಇರುವುದೇ ಅಲ್ಲಿ. ಮೇಜಿನ ಮೇಲಿದ್ದ ನೀರಿನ ಬಾಟಲಿಯೊಂದನ್ನು ತಾವೇ ಎತ್ತಿ, ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟರು. ಅವಳು ಎತ್ತಿ ಕುಡಿದಳು. ಕುಡಿದು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಕೈ ತನ್ನಷ್ಟಕ್ಕೆ ಸೆರಗಿನ ತುದಿಗೆ ಹೋಯಿತು. ಗಂಟು ಬಿಚ್ಚಿ, ಅದರಲ್ಲಿದ್ದ ಒಂದು ವೀಳ್ಯದೆಲೆ, ಅರ್ಧ ಹೋಳು ಅಡಿಕೆಯನ್ನು ಬಾಟಲಿಯ ಪಕ್ಕದಲ್ಲಿ ಇಟ್ಟಳು.

ಮೊದಲು ನಕ್ಕವನು ಚನ್ನೇಶ್.

"ನೋಡಿದ್ರಾ ಸಾರ್?" ದೇವೀರಪ್ಪ ಕುರ್ಚಿಯಿಂದಲೇ ಕೂಗಿದ. "ನಿಮಗೂ ರೇಟ್ ಕಟ್ಟಿದ್ಲು! ರಕ್ತದಲ್ಲೇ ಬಂದೈತೆ ವ್ಯಾಪಾರ!"

ಇಡೀ ಹಾಲು ನಕ್ಕಿತು. ಅವಳೇ ತೊಳೆದ ನೆಲದ ಮೇಲೆ ಕಾಲು ಕುಟ್ಟಿ ಕುಟ್ಟಿ ನಕ್ಕರು. ಆಫೀಸರ ತುಟಿಯೂ ಸ್ವಲ್ಪ ಬಿಚ್ಚಿತು. ಅವರು ಅಡಿಕೆಯ ಹೋಳನ್ನು ಪೆನ್ನಿನ ತುದಿಯಿಂದ ಮೆಲ್ಲಗೆ ಸರಿಸಿ, ಅಲ್ಲಿದ್ದ ಕಾಗದವನ್ನು ಎಳೆದುಕೊಂಡರು. ಲಕ್ಕಮ್ಮ ಆ ಪೆನ್ನನ್ನೇ ನೋಡುತ್ತಿದ್ದಳು. ನೀರು ಕುಡಿದು ಏನನ್ನೂ ಇಡದೆ ಎದ್ದುಬರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ಇಲ್ಲಿ ಯಾರಿಗೆ ಹೇಳುವುದು?

"ಒಂದು ದಾರಿ ಇದೆ ಅಮ್ಮ," ಎಂದರು ಆಫೀಸರು. "ಈ ಮುಚ್ಚಳಿಕೆಗೆ ಸಹಿ ಹಾಕಿಬಿಡಿ. ನಿಮ್ಮನ್ನ ಗೃಹಬಳಕೆಗೆ ಹಾಕ್ತೀವಿ, ಹಳೇ ಬಾಕಿ ಬಿಟ್ಟುಬಿಡ್ತೀವಿ."

"ಅದ್ರಲ್ಲೇನೈತೆ?"

"ನಲ್ಲಿ ನೀರನ್ನ ನಿಮ್ಮ ಮನೆಯವರ ಹೊರತು ಬೇರೆ ಯಾರಿಗೂ ಕೊಡಲ್ಲ ಅಂತ."

"ನಮ್ ಮನೆಯೋರು ಅಂದ್ರೆ ಯಾರು ಸಾರ್?"

"ರೇಷನ್ ಕಾರ್ಡಲ್ಲಿ ಯಾರ ಹೆಸರಿದೆ?"

"ನಂದೊಂದೇ."

"ಅಷ್ಟೇ ಮತ್ತೆ. ಸೋಮವಾರದೊಳಗೆ ಕೊಡಿ. ಇಲ್ಲದಿದ್ರೆ ಸಂಪರ್ಕ ಕಡಿತ ಮಾಡಬೇಕಾಗುತ್ತೆ. ನನಗೂ ಬೇಜಾರೇ."

ಕಾಗದ ಹಿಡಿದುಕೊಂಡು ಅವಳು ನೇರವಾಗಿ ಸುವರ್ಣಮ್ಮನ ಬಾಗಿಲಿಗೆ ಹೋದಳು. ಸುವರ್ಣಮ್ಮ ತೋಟದಿಂದ ಆಗಷ್ಟೇ ಬಂದಿದ್ದಳು. ಕೊಡ ಇಳಿಸಿ, ಸೋಗೆ ಗೀರಿದ ಕೈಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಸುವರ್ಣಿ, ಯಾರ್ಗೂ ನೀರು ಕೊಡಲ್ಲ ಅಂತ ಸೈನ್ ಹಾಕು ಅಂತಾವ್ರೆ. ಏನ್ ಮಾಡ್ಲಿ?"

ಹಾಕಬೇಡ ಕಣವ್ವ ಎಂಬ ಒಂದು ಮಾತು ಕೇಳುವುದಕ್ಕೆ ಅವಳು ಬಂದಿದ್ದಳು. ಸುವರ್ಣಮ್ಮ ಉರಿಯುವ ಕೈಗೆ ಬಾಯಿಂದ ಗಾಳಿ ಊದುತ್ತ, "ಹಾಕ್ಕ ಅತ್ಲಾಗಿ. ನೀನಾದ್ರೂ ಕುಡಿ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಲಕ್ಕಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ನಾಳೆ ನೀರು ಬರ್ತದೆ. ಬಾ, ದುಡ್ಡುಗಿಡ್ಡು ಬ್ಯಾಡ."

"ತೋಟಕ್ಕೆ ಹೋಗ್ದಿದ್ರೆ ದೇವೀರಪ್ಪ ಬೈತಾನೆ ಕಣವ್ವ. ಒಂದಿನ ತಪ್ಸಿದ್ರೆ ಆಮ್ಯಾಕೆ ಪಂಪಿನ ತಾವ ಸೇರ್ಸಲ್ಲ."

ಲಕ್ಕಮ್ಮ ಸಹಿ ಹಾಕಲಿಲ್ಲ. ಹಾಕಬಾರದೆಂದು ಯಾರೂ ಅವಳಿಗೆ ಹೇಳಲಿಲ್ಲ, ಹಾಕದ್ದಕ್ಕೆ ಯಾರೂ ಭೇಷ್ ಅನ್ನಲೂ ಇಲ್ಲ. ಒಬ್ಬಳೇ ಕುಡಿಯುವ ನೀರು ತನಗೆ ಬೇಡ ಎಂದು ಅವಳಿಗೆ ಅನ್ನಿಸಿತ್ತು, ಅಷ್ಟೇ.

ನಲ್ಲಿ ಕಡಿಯಲು ಬಂದವನು ಸ್ವಾಮಿಯೇ. ಮೇನ್ ಲೈನಿಗೆ ಆಗಷ್ಟೇ ನೀರು ಬಿಟ್ಟು ಬಂದಿದ್ದ, ಕೇರಿಯ ಪೈಪಿಗೆ ಅದು ಇನ್ನೂ ತಲುಪಿರಲಿಲ್ಲ. ಹಿಂದೆ ಬೈಕಿನ ಮೇಲೆ ಚನ್ನೇಶ್, ಎಂದಿನಂತೆ ಒಂದು ಕಾಲು ಊರಿಕೊಂಡು.

"ಅಕ್ಕ, ನಂಗೆ ಬ್ಯಾರೆ ದಾರಿ ಇಲ್ಲ. ನಾನ್ ಕಡೀದಿದ್ರೆ ನನ್ನೇ ತೆಗೀತಾರೆ," ಎಂದ ಸ್ವಾಮಿ, ಅವಳ ಕಡೆ ನೋಡದೆ.

"ಕಡಿಯಪ್ಪ. ನಿನ್ನೇನಂದೆ ನಾನು?"

ಅವನು ಮೀಟರಿನ ಹತ್ತಿರ ಪೈಪು ಕುಯ್ದು, ತುದಿಗೆ ಮುಚ್ಚಳ ಅಂಟಿಸಿದ. ನಲ್ಲಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

"ಮಿನಿಮಮ್ ಚಾರ್ಜು ಬರ್ತಾನೇ ಇರ್ತದೆ, ತಿಳ್ಕ," ಎಂದ ಚನ್ನೇಶ್. "ಬಾಕಿ ತೀರ್ಸೋ ಗಂಟ ಅಕೌಂಟ್ ಕ್ಲೋಸ್ ಆಗಲ್ಲ."

"ನೀರೇ ಇಲ್ದೆ?"

"ಪೈಪ್ ಐತಲ್ಲ ನೆಲದೊಳಗೆ. ಪೈಪಿಗೆ."

"ಪೈಪಿಗಾ?"

"ಊಂ. ಪೈಪ್ ಇರೋ ತಂಕ."

ಲಕ್ಕಮ್ಮ ಒಳಗೆ ಹೋಗಿ ಹಾರೆ ತಂದಳು. ಚನ್ನೇಶ್ ಹೆದರಿ ಬೈಕನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡ. ಅವಳು ಅವನನ್ನು ನೋಡಲೂ ಇಲ್ಲ. ಮೀಟರಿನ ಬುಡಕ್ಕೆ ಹಾರೆ ಹಾಕಿ ಮೀಟಿದಳು. ಮಣ್ಣು ಸಡಿಲವಾಗಿ ಪೈಪು ಕಾಣಿಸಿತು. ಗೇಣುದ್ದ ಆಳವೂ ಇರಲಿಲ್ಲ. ಅವಳು ಮೀಟುತ್ತ, ಎಳೆಯುತ್ತ, ಅಂಗಳ ದಾಟಿ ಓಣಿಗೆ ಬಂದಳು. ಈ ಗುಂಡಿಯನ್ನು ಆವತ್ತು ತೋಡಿದ್ದು ಇಡೀ ಕೇರಿ. ಗಂಗಯ್ಯನೇ ಮುಂದೆ ನಿಂತು ಪಿಕಾಸಿ ಹಿಡಿದಿದ್ದ. ಇವತ್ತು ಜನ ಅವರವರ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಲಕ್ಕಮ್ಮಿ, ಬ್ಯಾಡ ಕಣೇ! ಜೈಲಿಗಾಕ್ತಾರೆ!" ಎಂದಳು ಸುವರ್ಣಮ್ಮ. ಬಾಗಿಲು ಬಿಟ್ಟು ಕೆಳಗಿಳಿಯಲಿಲ್ಲ.

ಲಕ್ಕಮ್ಮನ ಬಾಯಿಂದ ಮಾತು ಬರುತ್ತಿರಲಿಲ್ಲ, ಬೈಗುಳ ಬರುತ್ತಿತ್ತು. "ಪೈಪಿಗಂತೆ... ನಿಮ್ ಹೆಣ ಎತ್ತ... ತಗಳ್ರೋ ನಿಮ್ ಪೈಪು... ನಿಮ್ ಮನೆ ಹಾಳಾಗ..." ಎನ್ನುತ್ತ ಪ್ರತಿ ಏಟಿಗೂ ಒಂದೊಂದು ಹಾಕಿದಳು. ಸೀರೆ ಮೊಣಕಾಲಿಗೆ ಏರಿತ್ತು. ಅಂಗೈಯ ಚರ್ಮ ಕಿತ್ತು ಹಾರೆ ಜಾರುತ್ತಿತ್ತು. ಓಣಿ ಮುಗಿದು ಮೇಲಿನ ಬೀದಿ ಬಂತು. ಪೈಪು ಕಲ್ಯಾಣ ಮಂಟಪದ ಮೂಲೆಯಲ್ಲಿ ಮೇನ್ ಲೈನಿಗೆ ಸೇರಿತ್ತು. ಅಲ್ಲಿ ಹೊಸದಾಗಿ ಹಾಸಿದ ಕಲ್ಲಿನ ಸಂದಿಗೆ ಅವಳು ಹಾರೆ ಇಳಿಸಿದಳು.

"ಏಯ್! ಏಯ್ ಮುಂಡೆ! ಯಾರ ಜಾಗ ಅಂತ ತಿಳ್ಕಂಡಿದೀಯೇ?" ದೇವೀರಪ್ಪ ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಬಂದ. ಕೈ ಹಿಡಿದು ಎಳೆಯಬೇಕು, ಆದರೆ ಮೈಯೆಲ್ಲ ಕೆಸರಾಗಿದ್ದ ಅವಳನ್ನು ಮುಟ್ಟಬೇಕಲ್ಲ. ಎರಡು ಹೆಜ್ಜೆ ದೂರದಲ್ಲೇ ನಿಂತು ಕೂಗಿದ. "ಲೇ ಚನ್ನೇಶ, ಹಿಡಿಯೋ ಅವಳ್ನ! ಸ್ವಾಮಿ, ವಾಲ್ವ್ ಮುಚ್ಚೋಗಲಾ ಬೋಳಿಮಗನೆ!"

ಚನ್ನೇಶನೂ ಮುಟ್ಟಲಿಲ್ಲ. ಅವಳ ಕೈಯಲ್ಲಿ ಹಾರೆ ಇತ್ತು. ಸ್ವಾಮಿ ವಾಲ್ವಿನ ಕಡೆಗೆ ಹೊರಟ. ಓಡಲಿಲ್ಲ, ನಡೆದುಕೊಂಡು ಹೋದ.

ಕಲ್ಲು ಎದ್ದಿತು. ಲಕ್ಕಮ್ಮ ಹಾರೆ ಬಿಸಾಡಿ, ಎರಡೂ ಕೈಯಿಂದ ಪೈಪನ್ನು ಹಿಡಿದು, ಕಾಲು ಕೊಟ್ಟು ಜಗ್ಗಿದಳು. ಜಾಯಿಂಟು ಕಳಚಿ ಅವಳು ಹಿಂದಕ್ಕೆ ಬಿದ್ದಳು. ನೀರು ಆಳೆತ್ತರಕ್ಕೆ ಚಿಮ್ಮಿತು. ಹಳೇಬೀಡಿಗೆ ಹೊರಟಿದ್ದ ಪ್ರವಾಸಿಗರ ಕಾರೊಂದು ಬ್ರೇಕು ಹಾಕಿ, ಗಾಜು ಏರಿಸಿಕೊಂಡು ನಿಂತಿತು. ದೇವೀರಪ್ಪ ಮೊಬೈಲ್ ಕಿವಿಗಿಟ್ಟುಕೊಂಡು ಸ್ಟೇಷನ್ನಿನವರನ್ನು ಕರೆಯುತ್ತಿದ್ದ.

ನೀರು ರಸ್ತೆಯ ಮೇಲೆ ಹರಡಿ, ಮಂಟಪದ ಚರಂಡಿಗೆ ಬಿದ್ದು, ಎಂಜಲೆಲೆಗಳನ್ನು ತಳ್ಳಿಕೊಂಡು ಕೇರಿಯ ಕಡೆಗೆ ಓಡಿತು. ಲಕ್ಕಮ್ಮ ತೊಯ್ದು ತೊಪ್ಪೆಯಾಗಿ ಎದ್ದು, ಓಣಿಯ ಬಾಯಿಗೆ ಬಂದು ನಿಂತಳು. ಕೇರಿಯವರೆಲ್ಲ ಮನೆಬಾಗಿಲು ಬಿಟ್ಟು ಅಲ್ಲಿಯ ತನಕ ಬಂದಿದ್ದರು. ಅಲ್ಲಿಂದ ಮುಂದಕ್ಕೆ ಯಾರೂ ಬಂದಿರಲಿಲ್ಲ.

"ಕೊಡ ತರ್ರೇ!" ಎಂದು ಅವಳು ಕೂಗಿದಳು. "ಚರಂಡಿಗೆ ಹೋಯ್ತೈತೆ ಕಣ್ರೇ, ಬರ್ರೇ! ಸುವರ್ಣಿ! ಗಂಗಣ್ಣ, ಬಾರೋ! ವಾಲ್ವ್ ಮುಚ್ಚೋದ್ರೊಳ್ಗೆ ಬರ್ರೋ!"

ಸುವರ್ಣಮ್ಮನ ಕೈಯಲ್ಲಿ ಕೊಡವಿತ್ತು. ಅವಳು ದೇವೀರಪ್ಪನನ್ನು ನೋಡಿದಳು, ನೀರನ್ನು ನೋಡಿದಳು, ಮತ್ತೆ ದೇವೀರಪ್ಪನನ್ನು ನೋಡಿದಳು. ಗಂಗಯ್ಯ ಲುಂಗಿ ಬಿಗಿದು ಕಟ್ಟಿಕೊಂಡವನು ಅಲ್ಲೇ ನಿಂತಿದ್ದ. ಅತ್ತ ಸ್ವಾಮಿ ವಾಲ್ವು ತಿರುಗಿಸತೊಡಗಿದ್ದ, ಚಿಮ್ಮುವ ನೀರು ಆಳೆತ್ತರದಿಂದ ಸೊಂಟದ ಮಟ್ಟಕ್ಕೆ ಇಳಿಯಿತು. ಲಕ್ಕಮ್ಮ ಒಬ್ಬೊಬ್ಬರ ಹೆಸರನ್ನೂ ಹಿಡಿದು ಮತ್ತೆ ಮೊದಲಿನಿಂದ ಕರೆಯತೊಡಗಿದಳು.